ಬೀಸುಕಲ್ಲು ಮೂಕಾದ ದಿನಗಳು

ನನ್ನ ಅತ್ತೆಗೆ ಯಾರ ಮೇಲಾದರೂ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ; ಬೀಸುವಾಗ ಹಾಡುವುದನ್ನು ನಿಲ್ಲಿಸಿಬಿಡುತ್ತಿದ್ದಳು. ಇರಕಲ್ಲಗಡದ ನಮ್ಮ ಓಣಿಗೆಲ್ಲ ಇದು ಗೊತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ನಮ್ಮ ಮನೆಯಿಂದ ಕಲ್ಲಿನ ಸದ್ದು ಮಾತ್ರ ಬಂದು ಹಾಡು ಬಾರದಿದ್ದರೆ, ನೀರಿಗೆ ಹೊರಟ ಹೆಂಗಸರು ಬಾಗಿಲ ಮುಂದೆ ಕೊಡ ಇಳಿಸಿ, "ಇವತ್ತ ಕಲ್ಲು ಮೂಕ ಆಗೇತಿ. ಯಾರ ಸರದಿನೋ ಏನೋ!" ಎಂದು ನಗುತ್ತ ಹೋಗುತ್ತಿದ್ದರು. ಒಳಗೆ ಕೂತ ನಮಗೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ಕೇಳಿಸಲೆಂದೇ ಅವರು ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದರು.

ಸಿಟ್ಟಿಲ್ಲದ ದಿನಗಳಲ್ಲಿ ಆಕೆಯ ಹಾಡು ಕೇಳಬೇಕಿತ್ತು. ದೇವರ ಪದ ಒಂದೆರಡು ಮುಗಿದ ಮೇಲೆ ಊರ ಸುದ್ದಿಯೇ. ಎದುರಿಗೆ ಕೂತು ಹೇಳಲಾಗದ್ದನ್ನೆಲ್ಲ ಆಕೆ ಹಾಡಿನಲ್ಲಿ ಸೇರಿಸುತ್ತಿದ್ದಳು. ನಾನು ಸೊಸೆಯಾಗಿ ಬಂದ ಎರಡನೇ ವಾರ, ಹಂಚಿನ ಮೇಲಿದ್ದ ಮೂರು ರೊಟ್ಟಿ ಒಂದರ ಹಿಂದೊಂದು ಕರಿಕಾದವು. ಅತ್ತೆ ತುಟಿ ಎರಡು ಮಾಡಲಿಲ್ಲ. ಮರುದಿನ ಬೆಳಗಿನ ಜಾವ, "ಹೊಸಾ ಸೊಸಿ ಬಂದಾಳ, ಹಂಚಿಗೆ ಭಯಾ ತಂದಾಳ" ಎಂದು ಎತ್ತಿಕೊಂಡಳು. ಬಾವಿಗೆ ಹೋದರೆ ಅಲ್ಲಿಯ ಚಿಕ್ಕ ಚಿಕ್ಕ ಹುಡುಗಿಯರ ಬಾಯಲ್ಲೂ ಅದೇ ಸಾಲು. ನನಗೆ ಅಳು ಬರಬೇಕಿತ್ತು, ನಗು ಬಂತು. ನಕ್ಕಿದ್ದನ್ನು ನೋಡಿ ಅತ್ತೆಗೆ ನನ್ನ ಮೇಲೆ ಪ್ರೀತಿ ಹುಟ್ಟಿತಂತೆ. ಇದನ್ನು ಆಕೆ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ನನ್ನ ತವರು ತಳಕಲ್. ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳು ಅವು. ಚಿಮಣಿ ಎಣ್ಣೆಗೂ ಸರದಿ ನಿಲ್ಲಬೇಕಾಗಿದ್ದ ಕಾಲ. ಹದಿನಾರು ತುಂಬುವ ಹೊತ್ತಿಗೆ ಈ ಮನೆಗೆ ಬಂದೆ. ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ಮಾವ, ನನ್ನ ಗಂಡ ಮತ್ತು ನಾನು. ಮಾವನೆದುರು ಸೊಸೆ ಮಾತಾಡುವಂತಿರಲಿಲ್ಲ. ಯಾರೂ ಕೂಡ್ರಿಸಿ ಹೇಳಿಕೊಟ್ಟ ನೇಮವಲ್ಲ, ಎಲ್ಲ ಮನೆಗಳಲ್ಲೂ ಹಾಗೇ ಇತ್ತು. ಅವರು ಬಂದರೆ ಸೆರಗು ಮುಂದಕ್ಕೆಳೆದು ಬಾಗಿಲ ಮರೆಗೆ ಸರಿಯುವುದು, ನೀರಿನ ತಂಬಿಗೆಯನ್ನು ದೂರದಲ್ಲಿಟ್ಟು ಬರುವುದು. ಒಂದೂವರೆ ವರ್ಷವಾದರೂ ನನ್ನ ದನಿ ಹೇಗಿದೆ ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಬೀಸುವ ಕೋಣೆಯಲ್ಲಿ ಅತ್ತೆಯ ಜೊತೆ ಹಾಡುತ್ತಿದ್ದೆ ನಿಜ, ಆದರೆ ಅತ್ತೆಯ ಕಂಠ ಎದ್ದರೆ ನನ್ನದು ಎಲ್ಲಿ ಕೇಳಿಸಬೇಕು!

ನಾವು ಬೀಸುತ್ತಿದ್ದದ್ದು ಹೀಗೆ. ಕಲ್ಲಿನ ಆ ಕಡೆ ಅತ್ತೆ, ಈ ಕಡೆ ನಾನು. ನಡುವಿನ ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬರು ಅರ್ಧ ಸಾಲು ಎತ್ತಿದರೆ ಇನ್ನೊಬ್ಬರು ಉಳಿದರ್ಧ ತುಂಬಬೇಕು. ಜಗಳವಾಗಿ ಕಲ್ಲು ಮೂಕಾದಾಗ ರಾಜಿಯಾಗುವುದಕ್ಕೂ ಇದೇ ದಾರಿ. ತಪ್ಪು ಮಾಡಿದವಳು ತಾನಾಗಿ ಒಂದು ಸಾಲು ಎತ್ತಬೇಕು. ಸಿಟ್ಟಾದವಳು ಉಳಿದರ್ಧ ಹಾಡಿದರೆ ಜಗಳ ಮುಗಿಯಿತು. ಅದಕ್ಕಿಂತ ಹೆಚ್ಚಿನ ಕ್ಷಮೆ ಕೇಳುವುದು, ಕಾಲು ಹಿಡಿಯುವುದು ಯಾವುದೂ ನಮ್ಮ ಮನೆಯಲ್ಲಿ ಇರಲಿಲ್ಲ. ಹಾಡದೆ ಹೋದರೆ ಮಾತ್ರ ನಿಮ್ಮ ಕತೆ ಮುಗಿದಂತೆಯೇ.

ಆ ವರ್ಷ ಎಳ್ಳಮವಾಸ್ಯೆ ಕಳೆದು ಜೋಳದ ರಾಶಿ ಶುರುವಾಗಿತ್ತು. ನಮ್ಮ ಕಣ ಹಿತ್ತಲಿನ ಬೇಲಿಯ ಆಚೆಗೇ ಇತ್ತು. ತೂರುವಾಗ ಹೊಟ್ಟು ಹಾರಿ ಬಂದು ಅಡುಗೆಮನೆಯ ಮಡಕೆಗಳ ಮೇಲೂ ಕೂಡ್ರುತ್ತಿತ್ತು. ಅತ್ತೆಗೆ ಮೊದಲು ನೆಗಡಿಯಾಯಿತು, ಮೈ ಬಿಸಿಯಾಯಿತು, ಆಮೇಲೆ ಕೆಮ್ಮು ಹತ್ತಿಕೊಂಡಿತು. ಜಡ್ಡಿಗೆ ಹೆದರುವವಳಲ್ಲ ಆಕೆ. ಶುಂಠಿ, ಮೆಣಸು ಜಜ್ಜಿ ಬೆಲ್ಲ ಹಾಕಿ ಕುದಿಸಿದಳು. ಓಂಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಕಾಸಿಕೊಂಡಳು. ಬಿಸಿನೀರಿನ ಪಾತ್ರೆಯ ಮೇಲೆ ಕೌದಿ ಹೊದ್ದು ಕೂತು ಹಬೆ ತೆಗೆದುಕೊಂಡಳು. ಕೌದಿಯ ಒಳಗಿನಿಂದಲೇ ನನಗೆ ಅಡುಗೆಯ ಹುಕುಮು ಬರುತ್ತಿತ್ತು. "ಬ್ಯಾಳಿಗೆ ಉಪ್ಪು ಹಾಕಿದೇನ? ಹಾಕಿಲ್ಲ, ನನಗ ಗೊತ್ತು!" ನಾನು ಹಾಕಿರುತ್ತಿರಲಿಲ್ಲ. ಮೂಗು ಕಟ್ಟಿದ ಹೆಂಗಸು ಕೌದಿಯೊಳಗೆ ಕೂತು ಅದನ್ನು ಹೇಗೆ ಕಂಡುಹಿಡಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಐದಾರು ದಿನಕ್ಕೆ ಜ್ವರ ಬಿಟ್ಟಿತು. ಕೆಮ್ಮು ಇತ್ತು, ಕಫ ಬೀಳುತ್ತಿತ್ತು, ಆದರೆ ಆಕೆ ಹಾಡುತ್ತಿದ್ದಳು. ನಡುವೆ ಕೆಮ್ಮು ಬಂದರೆ ಕಲ್ಲು ನಿಲ್ಲಿಸಿ, ಕೆಮ್ಮಿ, ಬಿಟ್ಟ ಅಕ್ಷರದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಕೆಮ್ಮಿಗೂ ತಾಳ ಕಲಿಸಿದ್ದಾಳೆ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು. ಅಂಥದ್ದರಲ್ಲಿ ತಳಕಲ್ಲಿನಿಂದ ಚಿಕ್ಕಪ್ಪನ ಮಗಳ ಮದುವೆಗೆ ಕರೆ ಬಂತು. "ಹೋಗಿ ಬಾ, ನಾ ಗಟ್ಟಿ ಅದೀನಿ" ಎಂದು ಅತ್ತೆಯೇ ಕಳಿಸಿದಳು. ನಾಲ್ಕು ದಿನ ಇದ್ದು ಉಂಡು, ಕುಣಿದು ತಿರುಗಿ ಬಂದೆ.

ಬಂದ ರಾತ್ರಿಯೇ ನಾನು ಮಾಡಬಾರದ ಕೆಲಸ ಮಾಡಿದೆ. ಊಟಕ್ಕೆ ಕೂತಾಗ ಮದುವೆಯ ಸುದ್ದಿ ಹೇಳುತ್ತ ಹೇಳುತ್ತ, ಅಲ್ಲಿ ಸೋಬಾನ ಹಾಡಿದ ಒಬ್ಬ ಹೆಂಗಸನ್ನು ಬಾಯ್ತುಂಬ ಹೊಗಳಿಬಿಟ್ಟೆ. "ಏನ್ ಕಂಠ ಅತ್ತೀ ಆಕಿದು! ನಾ ಅಂಥಾ ದನಿ ಕೇಳೇ ಇಲ್ಲ." ಕೊನೆಯ ಮಾತು ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸುತ್ತಲಿನ ನಾಲ್ಕು ಊರಲ್ಲಿ ಮದುವೆ ಇದ್ದರೆ ಮೊದಲ ಹಾಡಿಗೆ ನನ್ನ ಅತ್ತೆಯನ್ನೇ ಕರೆಯುತ್ತಿದ್ದರು. ಅತ್ತೆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ಮರುದಿನ ಬೆಳಗಿನ ಜಾವ ಕಲ್ಲು ಮೂಕವಾಗಿತ್ತು.

ಅಲ್ಲಿಂದ ಮುಂದಿನ ಮೂರು ದಿನ ನೆನೆಸಿಕೊಂಡರೆ ನನಗೆ ನನ್ನ ಮೇಲೆಯೇ ನಗು ಬರುತ್ತದೆ, ಒಮ್ಮೊಮ್ಮೆ ಮೈ ಜುಮ್ಮೆನ್ನುತ್ತದೆ. ಅತ್ತೆ ಮಾತು ಬಿಟ್ಟಳು. ಏನು ಕೇಳಿದರೂ ಕೈ ಸನ್ನೆ. ಸಿಟ್ಟು ಎಂದುಕೊಂಡೆ. ಆಕೆಗೆ ಇಷ್ಟವೆಂದು ಹೋಳಿಗೆ ಮಾಡಿದೆ. ಒಂದು ತುತ್ತು ತಿಂದು ತಾಟು ಸರಿಸಿದಳು. ಭಾರಿ ಸಿಟ್ಟು ಎಂದುಕೊಂಡೆ. ಒಲೆಯ ಹತ್ತಿರ ಬರುವುದನ್ನು ಬಿಟ್ಟು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನನ್ನ ಮುಖ ನೋಡಲೂ ಬೇಡವಾಗಿದೆ ಎಂದುಕೊಂಡೆ. ರಾತ್ರಿ ಮಲಗದೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಇದು ಎಂಥ ಹಟವಪ್ಪಾ ಎಂದು ಗಾಬರಿಯಾಯಿತು. ಬೀಸಲು ಮಾತ್ರ ತಪ್ಪದೆ ಬಂದು ಕೂಡ್ರುತ್ತಿದ್ದಳು. ಗೂಟದ ಮೇಲೆ ಕೈ ಇಡುತ್ತಿದ್ದಳು, ಬಲವೆಲ್ಲ ನನ್ನದೇ. ಅದನ್ನೂ ನನಗೆ ಕೊಟ್ಟ ಶಿಕ್ಷೆ ಎಂದೇ ತಿಳಿದೆ.

ಎದುರುಮನೆಯ ಅಜ್ಜಿಯ ಹತ್ತಿರ ಹೋಗಿ ಗೋಳು ತೋಡಿಕೊಂಡೆ. ಆ ಅಜ್ಜಿಗೆ ಓಣಿಯ ಎಲ್ಲ ಜಗಳಗಳ ಇತಿಹಾಸ ಬಾಯಿಪಾಠ. ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

"ಎಷ್ಟ ದಿನ ಆತು?"

"ಮೂರು."

"ನಿಮ್ಮ ಮಾವ ಒಮ್ಮಿ ಆಕೀನ ಕೇಳದನಽ ಎತ್ತು ಮಾರಿದ್ದ. ಆವಾಗ ಎಂಟ ದಿನ ಮೂಕ ಇತ್ತು ಕಲ್ಲು. ನಿಂದು ಇನ್ನೂ ಐದ ದಿನ ಐತಿ, ತಡಕೋ." ಹೀಗೆಂದು ನನ್ನ ಗಲ್ಲ ಹಿಂಡಿದಳು. "ಹಾಡಿನ ಮ್ಯಾಲಿನ ಸಿಟ್ಟು ಎತ್ತಿನ ಮ್ಯಾಲಿನ ಸಿಟ್ಟಿಗಿಂತ ದೊಡ್ಡದು ನೋಡವ್ವಾ. ನಾಳಿ ನೀನಽ ಒಂದ ಸಾಲು ಎತ್ತು. ಕರಗ್ತಾಳ."

ನಾಲ್ಕನೆಯ ಬೆಳಿಗ್ಗೆ ನಾನು ತಯಾರಾಗಿಯೇ ಕೂತೆ. ರಾತ್ರಿಯೆಲ್ಲ ಯೋಚಿಸಿ ಒಂದು ಸಾಲು ಕಟ್ಟಿದ್ದೆ. ಊರ ತುಂಬ ಕೋಗಿಲೆಗಳಿದ್ದರೂ ನಮ್ಮ ಮನೆಯ ಕೋಗಿಲೆಯೇ ಮೇಲು ಎಂಬ ಅರ್ಥ ಬರುವಂಥದ್ದು. ಹಾಡಾಗಿ ಅದು ಏನೂ ಚೆನ್ನಾಗಿರಲಿಲ್ಲ, ಆದರೆ ಹೊಗಳಿಕೆ ಧಾರಾಳವಾಗಿತ್ತು. ಕಲ್ಲಿಗೆ ಜೋಳ ಹಾಕಿ, ದನಿ ಎತ್ತಿ, ಅರ್ಧ ಸಾಲು ಹಾಡಿ ನಿಲ್ಲಿಸಿದೆ.

ಅತ್ತೆ ಬಾಯಿ ತೆರೆದಳು. ಉಳಿದರ್ಧ ಹಾಡಬೇಕೆಂದೇ ತೆರೆದಳು. ಆಕೆಯ ಕಣ್ಣಲ್ಲಿ ನಗುವೂ ಇತ್ತು, ಅದನ್ನು ನಾನು ಕಣ್ಣಾರೆ ಕಂಡೆ. ಆದರೆ ಬಾಯಿಂದ ಬಂದದ್ದು ಸುಂಯ್ ಎಂಬ ಸದ್ದು ಮಾತ್ರ. ಇನ್ನೊಮ್ಮೆ ಯತ್ನಿಸಿದಳು. ಮತ್ತೆ ಅದೇ ಸದ್ದು. ಬುಡ್ಡಿಯ ಬೆಳಕನ್ನು ಆಕೆಯ ಹತ್ತಿರ ಒಯ್ದೆ. ಉಸಿರೆಳೆದಾಗಲೆಲ್ಲ ಕೊರಳ ಕೆಳಗಿನ ಗುಳಿ ಒಳಕ್ಕೆ ಸೆಳೆಯುತ್ತಿತ್ತು. ತುಟಿಗಳು ನೇರಳೆ ಹಣ್ಣು ತಿಂದವರ ಹಾಗೆ ಕಂದಿದ್ದವು. ಹಣೆ ಮುಟ್ಟಿದೆ, ಬಿಟ್ಟುಹೋಗಿದ್ದ ಜ್ವರ ತಿರುಗಿ ಬಂದಿತ್ತು.

"ಅತ್ತೀ, ಖರೇ ಹೇಳ್ರಿ. ನಿಮಗ ಸಿಟ್ಟು ಬಂದೈತೋ, ದಮ್ಮು ಹತ್ತೇತೋ?"

"ಸಿ..." ಎಂದಳು. ಒಂದು ಉಸಿರು ಎಳೆದುಕೊಂಡಳು. "...ಟ್ಟು" ಎಂದಳು.

ಆಡಿದ ಸುಳ್ಳನ್ನು ಪೂರ್ತಿ ಆಡಲಿಕ್ಕೂ ಆಕೆಯ ಎದೆಯಲ್ಲಿ ಗಾಳಿ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಆಕೆ ಉಗುಳಲು ಇಟ್ಟುಕೊಂಡಿದ್ದ, ಬೂದಿ ತುಂಬಿದ ಒಡಕು ಮಡಕೆಯ ಕಡೆಗೆ ಓಡಿದೆ. ದಿನಾ ಅದನ್ನು ಆಕೆಯೇ ಚೆಲ್ಲುತ್ತಿದ್ದಳು, ನನಗೆ ಮುಟ್ಟಗೊಡುತ್ತಿರಲಿಲ್ಲ. ಅದನ್ನೂ ನಾನು ಸಿಟ್ಟಿನ ಲೆಕ್ಕಕ್ಕೇ ಹಾಕಿದ್ದೆ. ಕಡ್ಡಿಯಿಂದ ಬೂದಿ ಸರಿಸಿ ನೋಡಿದರೆ ಕಫ ತುಕ್ಕಿನ ಬಣ್ಣಕ್ಕಿತ್ತು, ಅದರಲ್ಲಿ ರಕ್ತದ ಎಳೆಗಳಿದ್ದವು. ಹಿಂದಿನಿಂದ ಬಂದು ಅತ್ತೆ ನನ್ನ ಮುಂಗೈ ಹಿಡಿದಳು. ಹೇಳಬೇಡ ಎಂದು ತಲೆಯಾಡಿಸಿದಳು.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಮೊದಲು ಹೆದರಿದ್ದು ಆಕೆಗಾಗಿ ಅಲ್ಲ, ನನಗಾಗಿ. ಈಕೆಗೆ ಏನಾದರೂ ಆದರೆ ಸೊಸೆಯ ಮೇಲಿನ ಸಿಟ್ಟಿನಲ್ಲೇ ಸತ್ತಳು ಎಂದು ಊರೆಲ್ಲ ಅನ್ನುತ್ತದೆ, ನನ್ನ ಕಾಲ್ಗುಣವನ್ನು ಆಡಿಕೊಳ್ಳುತ್ತದೆ ಎಂದು ತಲೆಯಲ್ಲಿ ಸುಳಿಯಿತು. ಮರುಕ್ಷಣವೇ ಆಕೆಯ ಕೈ ನನ್ನ ಮುಂಗೈ ಮೇಲಿಂದ ತಾನಾಗಿ ಜಾರಿತು. ಹಿಡಿಯುವ ಶಕ್ತಿಯೂ ಅದಕ್ಕೆ ಇರಲಿಲ್ಲ. ಆಗ ಊರು, ಕಾಲ್ಗುಣ ಎಲ್ಲ ಮರೆತುಹೋಯಿತು. ಈ ಹೆಂಗಸು ನನಗೆ ಬೇಕು, ಅಷ್ಟೇ ಉಳಿಯಿತು.

ಆಕೆಯ ಬೆನ್ನಿಗೆ ಕೌದಿಗಳನ್ನು ಒಟ್ಟಿ ಒರಗಿಸಿ ಕೂಡ್ರಿಸಿ ಹಿತ್ತಲಿಗೆ ಬಂದೆ. ಬೆಳಕು ಹರಿದಿತ್ತು. ಬೇಲಿಯ ಆಚೆ ಕಣದಲ್ಲಿ ರಾಶಿ ಅಳೆಯುವ ಕೆಲಸ ನಡೆದಿತ್ತು. ರಾಶಿ ಅಳೆಯುವಾಗ ಕಣದಲ್ಲಿ ಪಿಟ್ಟೆನ್ನುವಂತಿಲ್ಲ. ಚಪ್ಪಲಿ ಹೊರಗೆ, ಮಾತು ಹೊರಗೆ. ಯಾರಾದರೂ ನಡುವೆ ಬಾಯಿ ಬಿಟ್ಟರೆ ರಾಶಿಯ ಲಕ್ಷ್ಮಿ ಮುನಿಸಿಕೊಂಡು ಹೋಗುತ್ತಾಳೆ ಎಂದು ನಂಬಿಕೆ. ಮಾವನವರು ಮೊಳಕಾಲೂರಿ ಕೊಳಗ ತುಂಬುತ್ತಿದ್ದರು. ನನ್ನ ಗಂಡ ಚೀಲದ ಬಾಯಿ ಹಿಡಿದು ನಿಂತಿದ್ದರು. ಆಳುಗಳು ಕೈಕಟ್ಟಿ ನೋಡುತ್ತಿದ್ದರು. ನಾನು ಗಂಡನಿಗೆ ಸನ್ನೆ ಮಾಡಿದೆ, ನೋಡಲಿಲ್ಲ. ಬಳೆ ಸದ್ದು ಮಾಡಿದೆ. ನೋಡಿದರು, ಆಮೇಲೆ ಎಂಬಂತೆ ಕೈ ಆಡಿಸಿ ಮತ್ತೆ ಚೀಲದ ಕಡೆ ತಿರುಗಿದರು.

ಬೇಲಿ ದಾಟಿ ಕಣದ ನಡುವೆ ಹೋಗಿ ನಿಂತೆ.

"ಮಾವಾ, ಗಾಡಿ ಹೂಡ್ರಿ! ಅತ್ತೀಗೆ ಉಸುರು ಆಡವಲ್ದು, ಕಫದಾಗ ರಗತ ಬರಾಕತ್ತೇತಿ. ಈಗಿಂದೀಗ ಕೊಪ್ಪಳ ದವಾಖಾನಿಗೆ ಹೋಗಬೇಕು!"

ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಸೆರಗು ಯಾವಾಗ ತಲೆಯಿಂದ ಜಾರಿತ್ತೋ ಅದೂ ಗೊತ್ತಿಲ್ಲ. ಆಳುಗಳು ಬಾಯಿ ತೆರೆದು ನಿಂತರು. ನನ್ನ ಗಂಡನ ಕೈಯಿಂದ ಚೀಲದ ಬಾಯಿ ಬಿಟ್ಟುಹೋಯಿತು. ಮಾವನವರು ತುಂಬಿದ ಕೊಳಗವನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು. ಬೈಗುಳ ಬರುತ್ತದೆಂದು ಕಾಯುತ್ತಿದ್ದೆ. ಅವರು ಕೊಳಗವನ್ನು ಮೆಲ್ಲಗೆ ರಾಶಿಯ ಮೇಲೆ ಕವುಚಿ ಇಟ್ಟು ಎದ್ದರು.

"ಸಿಟ್ಟಾಗ್ಯಾಳ ಅಂದಿದ್ರೆಲ್ಲಾ?" ಎಂದು ಮಗನನ್ನು ಕೇಳಿದರು.

"ಸಿಟ್ಟಲ್ರಿ, ಜಡ್ಡು," ಎಂದೆ ನಾನೇ. ಒಮ್ಮೆ ಬಾಯಿ ಬಿಟ್ಟಾಗಿತ್ತಲ್ಲ, ಇನ್ನು ಮುಚ್ಚಿ ಏನು ಪ್ರಯೋಜನ?

ಅವರು ಮನೆಯೊಳಗೆ ಹೋಗಿ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದರು. ಹೊರಗೆ ಬಂದವರೇ ತಾವೇ ಎತ್ತುಗಳನ್ನು ಬಿಚ್ಚಿ ತಂದು ಗಾಡಿಗೆ ಹೂಡಿದರು. ರಾಶಿ ಅರ್ಧಕ್ಕೆ ನಿಂತಿತು. ಆ ವರ್ಷದ ಜೋಳ ಮುಂದಿನ ಸುಗ್ಗಿಯವರೆಗೂ ಸರಿಯಾಗಿ ಬಂತೆಂದು ಇಲ್ಲೇ ಹೇಳಿಬಿಡುತ್ತೇನೆ. ಲಕ್ಷ್ಮಿಗೆ ನನ್ನ ಮೇಲೆ ಏನೂ ಮುನಿಸಿರಲಿಲ್ಲ.

ಗಾಡಿಯಲ್ಲಿ ಮೇವು ಹಾಸಿ, ಅದರ ಮೇಲೆ ಕೌದಿ ಹಾಸಿ, ಅತ್ತೆಯನ್ನು ಮಲಗಿಸಲು ಹೋದರೆ ಆಕೆಗೆ ಉಸಿರು ಮತ್ತೂ ಕಟ್ಟಿತು. ಹಾಗಾಗಿ ನಾನು ಹಿಂದೆ ಕಾಲು ಚಾಚಿ ಕೂತು, ಆಕೆಯನ್ನು ನನ್ನ ಎದೆಗೆ ಒರಗಿಸಿಕೊಂಡೆ. ಆಗಾಗ ಬಿಸಿನೀರು ಗುಟುಕು ಗುಟುಕಾಗಿ ಕುಡಿಸಿದೆ. ಧೂಳಿಗೆ ಒದ್ದೆ ಬಟ್ಟೆಯನ್ನು ಮೂಗಿನ ಮುಂದೆ ಹಿಡಿದೆ. ದಾರಿಯುದ್ದಕ್ಕೂ ಆಕೆಯ ಬೆನ್ನಿನ ಏರಿಳಿತ ನನ್ನ ಎದೆಗೆ ತಾಗುತ್ತಿತ್ತು. ಅದು ಒಂದಿಷ್ಟು ತಡವಾದರೆ ನನ್ನ ಉಸಿರೂ ನಿಲ್ಲುತ್ತಿತ್ತು. ಮಾವನವರು ರಾಶಿ ಕಾಯಲು ಊರಲ್ಲೇ ಉಳಿದಿದ್ದರು. ಗಾಡಿ ಹೊಡೆಯುತ್ತಿದ್ದ ನನ್ನ ಗಂಡ ತಿರುಗಿ ತಿರುಗಿ ನೋಡುತ್ತಿದ್ದರು. "ಮುಂದ ನೋಡ್ಕೊಂಡು ಹೊಡೀರಿ, ಹಿಂದ ನಾ ಅದೀನಿ" ಎಂದು ಗದರಿದೆ. ಆ ದಿನ ನಾನು ಯಾರನ್ನೂ ಬಿಡಲಿಲ್ಲ.

ಹೊತ್ತು ಇಳಿಯುವಾಗ ಕೊಪ್ಪಳ ಮುಟ್ಟಿದೆವು. ನಮ್ಮ ಕಡೆ ಆಗ ಸರಕಾರದ ಮಾತೆಲ್ಲ ಉರ್ದುವಿನಲ್ಲೇ. ದವಾಖಾನೆಯ ಡಾಕ್ಟರ್ ಸಾಹೇಬರಿಗೂ ಉರ್ದು ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ನಮಗೆ ಅದೊಂದು ಬಿಟ್ಟು ಬೇರೆ ಬರುತ್ತಿತ್ತು. ನಡುವೆ ಒಬ್ಬ ಕಂಪೌಂಡರ್, ನಮ್ಮ ಕಡೆಯವನೇ. ಸಾಹೇಬರು ಕೊಳವೆ ಇಟ್ಟು ಎದೆ, ಬೆನ್ನು ಎಲ್ಲ ಕೇಳಿದರು. ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲು ಹೇಳಿಸಿದರು. ಮದುವೆ ಚಪ್ಪರದಲ್ಲಿ ಉದ್ದುದ್ದ ಸಾಲುಗಳನ್ನು ಉಸಿರು ಮುರಿಯದೆ ಹಾಡುತ್ತಿದ್ದವಳು "ಮೂರು" ಎನ್ನುವಷ್ಟರಲ್ಲಿ ನಿಂತಳು. ಸಾಹೇಬರ ಹುಬ್ಬು ಗಂಟಾಯಿತು. ಬಹಳ ಹೊತ್ತು ಏನೇನೋ ವಿವರಿಸಿದರು.

"ಏನಂತಾರ?" ಎಂದು ಕೇಳಿದೆ.

"ಇಲ್ಲೇ ಇರಬೇಕು ಅಂತಾರ," ಎಂದ ಕಂಪೌಂಡರ್.

"ಅಷ್ಟೊತ್ತು ಮಾತಾಡಿದ್ದು ಇಷ್ಟನ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದು ಬಿಡುವ ಗಿರಾಕಿ ಅಲ್ಲ ಎಂದುಕೊಂಡು ಬಿಡಿಸಿ ಹೇಳಿದ. ಉಸಿರು ಹೋಗಿಬರುವ ನಾಳಗಳು ಬಾತಿವೆ. ಅಷ್ಟೇ ಆಗಿದ್ದರೆ ಮನೆಯ ಔಷಧಕ್ಕೇ ತಾನಾಗಿ ಇಳಿಯುತ್ತಿತ್ತು. ಈಗ ಅದು ಕೆಳಗಿಳಿದು ಫುಪ್ಪುಸಕ್ಕೂ ಹಿಡಿದಿದೆ. ಸರಿಯಾದ ಹೊತ್ತಿಗೆ ತಂದಿದ್ದೀರಿ.

ಗುಳಿಗೆ ಕೊಟ್ಟರು, ಸೂಜಿ ಚುಚ್ಚಿದರು. ಕಿಟಕಿಯ ಪಕ್ಕದ ಮಂಚದ ಮೇಲೆ ಮೂರು ದಿಂಬು ಇಟ್ಟು ಕೂಡ್ರಿಸಿದರು. ನಾವು ಒಯ್ದ ಸೀಸೆಗೆ ಕಂಪೌಂಡರ್ ಕೆಂಪು ಔಷಧ ಸುರಿದು, ಒಂದೊಂದು ಹೊತ್ತಿಗೆ ಎಷ್ಟು ಎಂದು ತಿಳಿಯಲು ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿಕೊಟ್ಟ. ಮರುದಿನ ನನ್ನ ಗಂಡ ಊರಿಗೆ ಹೋದರು. ನಾನು ಮಂಚದ ಕೆಳಗೆ ಚಾಪೆ ಹಾಸಿಕೊಂಡು ಉಳಿದೆ. ಎರಡು ದಿನ ಆಕೆಯ ಎದೆಯನ್ನು ನೋಡುತ್ತ ಕೂತದ್ದೇ ಕೆಲಸ. ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಕೊರಳ ಗುಳಿ ಸೆಳೆಯುವುದು ನಿಂತಿತ್ತು. ಅತ್ತೆ ಕಣ್ಣು ಬಿಟ್ಟು, ದವಾಖಾನೆಯವರು ಕೊಟ್ಟ ಸಾಬೂದಾಣಿ ಗಂಜಿಯ ಬಟ್ಟಲನ್ನು ನೋಡಿ, "ಇದನ್ನ ಗ್ವಾಡಿಗೆ ಹಚ್ಚಾಕ ಕೊಟ್ಟಾರೇನು?" ಎಂದಳು. ಒಂದೇ ಉಸಿರಿನಲ್ಲಿ! ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಬಟ್ಟಲು ಗಂಜಿಯನ್ನು ನಾನೇ ಗಟಗಟ ಕುಡಿದುಬಿಟ್ಟೆ.

ಅವತ್ತಿನಿಂದ ದವಾಖಾನೆ ನಮ್ಮ ಓಣಿಯಾಯಿತು. ಅತ್ತೆ ಪಕ್ಕದ ಮಂಚದವರ ಊರು, ಮನೆ, ಬೀಗರು ಎಲ್ಲ ವಿಚಾರಿಸಿಕೊಂಡಳು. ಭತ್ತ ಬೆಳೆಯುವ ಸಿದ್ದಾಪುರದಿಂದ ಬಂದಿದ್ದ ಒಬ್ಬಾಕೆಗೆ ಅನ್ನ ಉಂಡು ಉಂಡೇ ಹೀಗಾಗಿದೆ, ರೊಟ್ಟಿ ತಿನ್ನು ಎಂದು ಸಾಹೇಬರಿಗಿಂತ ಮೊದಲೇ ಪಥ್ಯ ಹೇಳಿದಳು. ಸಾಹೇಬರು ಬಂದರೆ ಮಾತ್ರ ಸಾಲಿ ಹುಡುಗಿಯಂತೆ ಕೈ ಮಡಚಿ ಕೂಡ್ರುತ್ತಿದ್ದಳು. ದಿನಾ ಎಣಿಸುವ ಪರೀಕ್ಷೆ ಇರುತ್ತಿತ್ತು. ಎಂಟಕ್ಕೆ ಬಂದಳು, ಹನ್ನೆರಡಕ್ಕೆ ಬಂದಳು. ಇಪ್ಪತ್ತು ಮುಟ್ಟಿದ ದಿನ ನಿಲ್ಲಿಸದೆ ಇಪ್ಪತ್ತಾರರವರೆಗೆ ಹೋದಳು. ಸಾಹೇಬರು ಬಿದ್ದು ಬಿದ್ದು ನಕ್ಕರು.

ಆ ಸಂಜೆ ನಾನು ಕೇಳಿಯೇ ಬಿಟ್ಟೆ. "ಅತ್ತೀ, ಜಡ್ಡು ಅಂತ ಯಾಕ ಹೇಳಲಿಲ್ರಿ? ನಾ ಮೂರ ದಿನ ನಿಮ್ಮ ಸಿಟ್ಟಿಗೆ ಸತ್ತ ಹ್ವಾದೆ."

"ನೀ ಆಕೀನ ಹೊಗಳಿದಿ ಅಂತ ಒಂದೀಟು ಸಿಟ್ಟು ಇತ್ತವಾ, ಸುಳ್ಳ್ಯಾಕ ಹೇಳಲಿ," ಎಂದಳು. "ಮರುದಿನ ದನೀನಽ ಹೊಂಡಲಿಲ್ಲ. ನೀವೆಲ್ಲಾ ಸಿಟ್ಟಂತ ತಿಳಕೊಂಡ್ರಿ. ನನಗೂ ಅದಽ ಛಲೋ ಅನಸ್ತು. ಸಿಟ್ಟು ಅಂದ್ರ ಮಂದಿ ಅಂಜತಾರ, ಜಡ್ಡು ಅಂದ್ರ ಅಯ್ಯೋ ಪಾಪ ಅಂತಾರ. ಪಾಪ ಅನ್ನಿಸ್ಕೊಳ್ಳೂದು ನನಗ ಸೇರೂದಿಲ್ಲ." ಕಿಟಕಿಯ ಕಡೆ ತಿರುಗಿ, "ಆಮ್ಯಾಲೆ ಹೆದರಿಕಿ ಆತು. ಹೆದರಿದ್ನಿ ಅಂತ ಹೇಳಾಕ ಇನ್ನೂ ಹೆದರಿಕಿ ಆತು," ಎಂದಳು.

ಒಂಬತ್ತನೆಯ ದಿನ ಮಾವನವರೇ ಗಾಡಿ ತಂದರು. ಹೊರಡುವ ಮೊದಲು ಸಾಹೇಬರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಪಾಠ ಹೇಳಿದರು. ಕಂಪೌಂಡರ್ ಈ ಸಲ ಒಂದು ಮಾತನ್ನೂ ನುಂಗಲಿಲ್ಲ.

"ಕೆಮ್ಮು ಇನ್ನೂ ಎರಡ ಮೂರ ವಾರ ಇರತೈತಿ, ಅದಕ್ಕ ಅಂಜಬ್ಯಾಡವ್ವಾ. ಶುಂಠಿ ನೀರು ಕುಡಸು, ಹಬಿ ಕೊಡು, ಎತ್ತರಕ್ಕ ಒರಗಿಸಿ ಮಲಗಸು. ಹೊಗಿ ಬ್ಯಾಡ, ಧೂಳ ಬ್ಯಾಡ, ಒಂದ ತಿಂಗಳು ಕಲ್ಲಿನ ಮುಂದ ಕುಂದರಸಬ್ಯಾಡ. ಕೆಮ್ಮಿಗೆ ಅಲ್ಲ, ಉಸುರಿಗೆ ಅಂಜಬೇಕು. ಮಾತು ನಡುವ ತುಂಡಾತು, ತುಟಿ ಕಂದಿದ್ವು, ಕಫದಾಗ ರಗತ ಬಂತು, ಬಿಟ್ಟ ಜ್ವರ ತಿರುಗಿ ಬಂತು, ಇದರಾಗ ಒಂದ ಕಂಡ್ರೂ ದಾರಿ ನೋಡಬ್ಯಾಡ, ಗಾಡಿ ಹೂಡು ಅಂತಾರ ಸಾಹೇಬ್ರು." ಹೀಗೆಂದವನು ಇನ್ನೊಂದು ಮಾತು ಸೇರಿಸಿದ: "ನಿನಗ ಹೇಳೂದಽ ಬ್ಯಾಡ ಅಂತನೂ ಅಂದ್ರು."

ದಾರಿಯಲ್ಲಿ ಒಂದು ಹಳ್ಳದ ದಂಡೆಗೆ ಗಾಡಿ ನಿಲ್ಲಿಸಿದೆವು. ಮಾವನವರು ಮನೆಯಿಂದ ಬುತ್ತಿ ತಂದಿದ್ದರು. ನನ್ನ ಗಂಡ ಬಡಿದ ರೊಟ್ಟಿ. ಒಂದೊಂದೂ ಒಂದೊಂದು ಆಕಾರ. ಅತ್ತೆ ಅವನ್ನು ತಿರುಗಿಸಿ ಮುರುಗಿಸಿ ನೋಡಿ ಮನಸಾರೆ ನಕ್ಕಳು. ನಡುವೆ ಒಮ್ಮೆ ಕೆಮ್ಮು ಬಂತು. ಮಾವ, ನಾನು ಇಬ್ಬರೂ ತಟ್ಟನೆ ಆಕೆಯ ಕೊರಳಿನ ಕಡೆ ನೋಡಿದೆವು. ಗುಳಿ ಸೆಳೆಯಲಿಲ್ಲ. ಬರೀ ಕೆಮ್ಮು. ಮಾವನವರು ನನ್ನ ಕಡೆ ತಿರುಗಿ, "ಹೆಂಗ ಐತವಾ?" ಎಂದು ಕೇಳಿದರು. ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಛಲೋ ಐತ್ರಿ," ಎಂದೆ.

ಅವರು ಎತ್ತಿಗೆ ನೀರು ಕುಡಿಸಲು ಹಳ್ಳಕ್ಕೆ ಇಳಿದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು, ಜಾರಿದ್ದ ನನ್ನ ಸೆರಗನ್ನು ತಲೆಯ ಮೇಲೆ ಹೊದಿಸಲು ಕೈ ಎತ್ತಿದಳು. ಏನು ತೋಚಿತೋ, ಹೊದಿಸದೆ ಹಾಗೇ ಹೆಗಲ ಮೇಲೆ ಬಿಟ್ಟಳು.

"ಅವತ್ತ ಕೌದಿಗೆ ಒರಗಿ ಕುಂತಿದ್ನೆಲ್ಲಾ," ಎಂದಳು. "ಇನ್ನ ನಂದು ಮುಗೀತು ಅಂತ ಕಣ್ಣ ಮುಚ್ಚಿದ್ದೆ. ಕಣದಾಗ ನೀ ಒದರಿದ್ದು ಕೇಳ್ತು ನೋಡು. ನನ್ನ ಗಂಡನ ಎದುರು, ರಾಶಿ ಮುಂದ ನಿಂತು ಒದರಾಕತ್ತಾಳ ನನ್ನ ಸೊಸಿ! ಹಿಂಗ ಒದರೂ ಮಂದಿ ಮನ್ಯಾಗ ಇರೂಮಟ ನಾ ಹೆಂಗ ಸಾಯಲಿ ಅಂತ ಕಣ್ಣ ತಗದೆ."

ನಾನು ಆಕೆಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ಹತ್ತು ದಿನದಲ್ಲಿ ಅದೇ ಮೊದಲು ಅತ್ತದ್ದು. ಆಕೆ ನನ್ನ ಬೆನ್ನ ಮೇಲೆ ಕೈ ಇಟ್ಟು, "ಅಳು, ಅಳು. ಆದ್ರ ಉಸುರ ತಗೊಂಡು ಅಳು," ಎಂದಳು.